ಇಟಲಿಯ ಗುರುವಿಗೆ ಇಟ್ಟ ಎಲೆ

೧೯೭೪ನೇ ಇಸವಿ ಅಕ್ಟೋಬರ್ ೬, ಭಾನುವಾರ, ಬೆಳಿಗ್ಗೆ ಏಳೂ ನಲವತ್ತು. ಮಹಾಲಯ ಅಮಾವಾಸ್ಯೆಗೆ ಇನ್ನು ಒಂಬತ್ತು ದಿನ. ನಿನ್ನೆ ಸಂಜೆ ದೊಡ್ಡಮ್ಮ ಸೊಪ್ಪು ಸೋಸುತ್ತಾ ಕೇಳಿದರು: "ಈ ಸಲ ಎಷ್ಟು ಎಲೆ ಅಂತ ಈಗ್ಲೇ ಹೇಳ್ಬಿಡು. ಐದೋ, ಆರೋ? ಹೋದ್ ವರ್ಷದ ಥರ ಬಾಗಿಲಲ್ಲಿ ನಿಂತ್ಕೊಂಡು ಲೆಕ್ಕ ಹಾಕ್ಬೇಡ."

ಅದು ನಾವಿಬ್ಬರೇ ಕೂತು ಬಗೆಹರಿಸುವ ಲೆಕ್ಕವಲ್ಲ. ಅದಕ್ಕಾಗಿಯೇ ಪತ್ರಿಕೆಗೆ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಬೂದಿಗೆರೆ ಕಡೆಯ ಹಳ್ಳಿ. ಮಹಾಲಯ ಅಮಾವಾಸ್ಯೆಯ ದಿನ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಕೊಂಡವರು ಎಷ್ಟು ಜನರೋ ಅಷ್ಟು ಬಾಳೆ ಎಲೆ ಒಳಕೋಣೆಯಲ್ಲಿ ಹಾಸಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಒಬ್ಬೊಬ್ಬರ ಹೆಸರೂ ಹಿಡಿದು ಕರೆದು, ಎಲ್ಲರೂ ಹೊರಗೆ ಬಂದು ಬಾಗಿಲು ಹಾಕುತ್ತೇವೆ. ಅವರು ಬಂದು ಉಣ್ಣುವ ಹೊತ್ತು ಅದು. ಯಾರೂ ಇಣುಕಬಾರದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ, ಒಳಗೆ ಹೋಗಬೇಕು. ಬದುಕಿರುವವರಿಗೆ ಮಾತ್ರ ಎಂದಿಗೂ ಎಲೆ ಇಡಬಾರದು. ಇಟ್ಟರೆ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಾರೆ.

ನಮ್ಮ ಮನೆಯ ಐದು ಎಲೆಗಳ ಬಗ್ಗೆ ಅನುಮಾನವಿಲ್ಲ. ಮುತ್ತಜ್ಜ, ಅಜ್ಜ, ಅಜ್ಜಿ, ನನ್ನ ತಂದೆ, ಕಳೆದ ವರ್ಷ ಜನವರಿಯಲ್ಲಿ ಹೋದ ದೊಡ್ಡಪ್ಪ. ಆರನೆಯದು ಇಟಲಿ ದೇಶದ ಒಬ್ಬ ಹಾಡುಗಾರರದು. ಅವರು ಸತ್ತಿದ್ದಾರೋ ಇಲ್ಲವೋ ನಮಗೆ ಗೊತ್ತಿಲ್ಲ. ಮೂರು ವರ್ಷದಿಂದ ಎಲೆ ಇಡುತ್ತಿದ್ದೇವೆ.

ದೊಡ್ಡಪ್ಪ ಹಾರ್ಮೋನಿಯಂ ಮೇಷ್ಟ್ರು. ಸುತ್ತಮುತ್ತಲ ಹಳ್ಳಿಯವರು ಪೌರಾಣಿಕ ನಾಟಕ ಕಟ್ಟಿದರೆ ಹಾಡು, ಮಾತು, ನಡೆ ಎಲ್ಲವನ್ನೂ ಕಲಿಸುವುದು ಅವರ ಕೆಲಸ. ಬೂದಿಗೆರೆಯಿಂದ ನಂದಗುಡಿಯವರೆಗೆ ಅವರ ಕೈಯಲ್ಲಿ ತಯಾರಾದ ನಾಟಕಗಳು ಅವರ ಪುಸ್ತಕದ ಪ್ರಕಾರ ಮೂವತ್ತೊಂದು. ನಾನು ಅವರ ತಮ್ಮನ ಮಗಳು. ಇದೆಲ್ಲ ಶುರುವಾದ ೧೯೭೧ರಲ್ಲಿ ನನಗೆ ಇಪ್ಪತ್ತೆರಡು ವರ್ಷ, ಊರ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಈಗಲೂ ಅದೇ ಶಾಲೆ. ದಿನಚರಿ ಬರೆಯುವುದು ನನಗೆ ಎಂಟನೇ ತರಗತಿಯಿಂದ ಬಂದ ಅಭ್ಯಾಸ. ಮಳೆ, ಮಕ್ಕಳ ಹಾಜರಿ, ನಾಟಕದ ದಿನ ಜನ 'ಒನ್ಸ್ ಮೋರ್' ಕೂಗಿದ್ದು ಎಷ್ಟು ಸಲ, ಎಲ್ಲಕ್ಕೂ ಒಂದೊಂದು ಕಾಲಂ ಇದೆ. ಅಭ್ಯಾಸದ ಹೊತ್ತಿನಲ್ಲಿ ಪುಸ್ತಕ ಹಿಡಿದು ಮಾತು ಎತ್ತಿಕೊಡುವುದೂ ನನ್ನ ಪಾಲಿಗೆ ಬಂದಿತ್ತು.

ಎರಡನೇ ಮಹಾಯುದ್ಧದ ಕಾಲದಲ್ಲಿ ಬೆಂಗಳೂರಿನ ಉತ್ತರದ ಬಯಲಲ್ಲಿ ಇಟಲಿಯ ಸೆರೆಯಾಳುಗಳ ಶಿಬಿರಗಳಿದ್ದವು. ಅಂಥ ಒಂದು ಶಿಬಿರದ ಅಡುಗೆಮನೆಗೆ ದೊಡ್ಡಪ್ಪ ವಾರಕ್ಕೆ ಮೂರು ದಿನ ಎತ್ತಿನ ಗಾಡಿಯಲ್ಲಿ ತರಕಾರಿ ಹಾಕುತ್ತಿದ್ದರು. ಖಾಲಿ ಕುಕ್ಕೆಗಳು ವಾಪಸ್ಸು ಬರುವವರೆಗೆ ಒಂದೆರಡು ಗಂಟೆ ಕಾಯಬೇಕು. ಆ ಹೊತ್ತಿನಲ್ಲಿ ಅಡುಗೆಮನೆಯ ಹಿಂದೆ ಕೈದಿಗಳು ಟೀ ಪೆಟ್ಟಿಗೆಗಳನ್ನು ಜೋಡಿಸಿ ತಮ್ಮ ನಾಟಕದ ಅಭ್ಯಾಸ ಮಾಡುತ್ತಿದ್ದರು. ಅದರಲ್ಲಿ ಮಾತೇ ಇಲ್ಲ, ಮೊದಲಿಂದ ಕೊನೆಯವರೆಗೆ ಹಾಡೇ. ಒಪೆರಾ ಅನ್ನುತ್ತಾರಂತೆ. ಅದರಲ್ಲಿ ಎತ್ತರದ ಗಂಡುದನಿಯವರು ಟೆನರ್. ನಮ್ಮ ಕಡೆ ರಾಜಪಾರ್ಟು ಇದ್ದಹಾಗೆ. ದೊಡ್ಡಪ್ಪನ ಗುರು ಆದದ್ದು ಆ ಟೆನರ್.

ಅವರಿಬ್ಬರ ನಡುವೆ ಹಿಂದೂಸ್ತಾನಿ ಸ್ವಲ್ಪ ಕಲಿತ ಕೈದಿ ಅಡುಗೆಯವನೊಬ್ಬ ಮಾತು ದಾಟಿಸುತ್ತಿದ್ದ. ದೊಡ್ಡಪ್ಪ ಮನೆಗೆ ಬಂದ ಮೇಲೆ ಹಾಡನ್ನೂ ಕೇಳಿದ ಕಥೆಯನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಡುತ್ತಿದ್ದರು. ಆ ಪುಸ್ತಕ ಈಗ ನನ್ನ ಹತ್ತಿರ ಇದೆ. ನಾನು ಎಣಿಸಿದಂತೆ ನೂರಾ ನಲವತ್ತೊಂದು ದಿನದ ಬರಹ. ಅದರಿಂದ ಗುರುಗಳ ಬದುಕನ್ನು ಸಾಲಾಗಿ ಜೋಡಿಸಿದರೆ ಇಷ್ಟು ಸಿಗುತ್ತದೆ.

ಹುಟ್ಟಿದ್ದು ಕಡಲ ಪಕ್ಕದ ಸಣ್ಣ ಊರು. ತಂದೆ ಮರದ ಪೀಪಾಯಿ ಮಾಡುವವರು. ಚಿಕ್ಕವನಿದ್ದಾಗ ಖಾಲಿ ಪೀಪಾಯಿಯೊಳಗೆ ತಲೆ ಹಾಕಿ ಹಾಡುವುದು ಆಟ. ಒಂದು ದಿನ, ತಾನು ಹಾಡು ನಿಲ್ಲಿಸಿದ ಮೇಲೂ ಪೀಪಾಯಿ ಸ್ವಲ್ಪ ಹೊತ್ತು ಹಾಡಿತು ಎಂದು ಹೆದರಿ ಓಡಿಹೋದರಂತೆ. ಆಮೇಲೆ ಚರ್ಚಿನ ಹಾಡಿನ ಗುಂಪು. ಅಲ್ಲಿಂದ ಒಬ್ಬ ವಿಧವೆ ಹೆಂಗಸು ಕರೆದುಕೊಂಡು ಹೋಗಿ ಪುಕ್ಕಟೆ ಕಲಿಸಿದರು. ಬಾಯಿಯ ಮುಂದೆ ಗೇಣು ದೂರದಲ್ಲಿ ಮೇಣದ ಬತ್ತಿ ಹಚ್ಚಿಟ್ಟು ಹಾಡಿಸುತ್ತಿದ್ದರು. ಉಸಿರು ಪೂರ್ತಿ ದನಿಯಾದರೆ ಉರಿ ಅಲುಗುವುದಿಲ್ಲ. ಅಲುಗಿದರೆ ಅಷ್ಟು ಉಸಿರು ಪೋಲಾಯಿತು ಎಂದು ಅರ್ಥ.

ಹತ್ತೊಂಬತ್ತಕ್ಕೆ ನಾಟಕ ಸೇರಿದರು. ಮೊದಲು ಎರಡು ವರ್ಷ ಭರ್ಜಿ ಹಿಡಿದು ನಿಲ್ಲುವ ಪಾರ್ಟು, ಬಾಯಿ ತೆಗೆಯುವ ಹಾಗಿಲ್ಲ. (ಇನ್ನೊಂದು ಪುಟದಲ್ಲಿ ನಾಲ್ಕು ವರ್ಷ ಎಂದಿದೆ. ಯಾವುದು ಸರಿಯೋ ತಿಳಿಯದು.) ಮುಖ್ಯ ಹಾಡುಗಾರನಿಗೆ ಜ್ವರ ಬಂದ ಸಂಜೆ ಇವರನ್ನು ನಿಲ್ಲಿಸಿದರು. ಅಲ್ಲಿಂದ ಹನ್ನೊಂದು ಊರು. ಸಿಕ್ಕಿದ್ದೆಲ್ಲ ಕೊನೆಯ ಅಂಕದಲ್ಲಿ ಸಾಯುವ ಪಾತ್ರಗಳೇ. "ನಾನು ನೂರಾ ಹದಿನಾಲ್ಕು ಸಲ ಸತ್ತಿದ್ದೇನೆ" ಎಂದು ಬೆರಳು ಮಡಿಸಿ ತೋರಿಸುತ್ತಿದ್ದರಂತೆ. ಕೊನೆಗೆ ಮಿಲಾನಿನ ದೊಡ್ಡ ರಂಗಮಂದಿರಕ್ಕೆ ಕರೆ ಬಂತು. ಎರಡು ದಿನ ಗೆದ್ದರು. ಮೂರನೆಯ ದಿನ ಮೇಲಿನ ಸ್ವರದಲ್ಲಿ ದನಿ ಒಡೆಯಿತು. ಮೇಲಿನ ಅಟ್ಟದ ಸೀಟುಗಳ ಜನ ಸಿಳ್ಳೆ ಹಾಕಿದರು. ಅಲ್ಲಿ ಸಿಳ್ಳೆ ಎಂದರೆ ಮೆಚ್ಚುಗೆಯಲ್ಲ, ಛೀಮಾರಿ. ಆ ಬೆಳಿಗ್ಗೆ ಅಭ್ಯಾಸದಲ್ಲಿ ಅವರು ಸಾವಿನ ಹಾಡಿನ ಕೊನೆಯ ಸಾಲನ್ನೂ ಹಾಡಿಬಿಟ್ಟಿದ್ದರು. ಅದರಿಂದಲೇ ಹೀಗಾಯಿತು ಎಂದು ಅವರಿಗೆ ಮನಸ್ಸಿನಲ್ಲಿ ನಿಂತುಹೋಯಿತು. ಅಂದಿನಿಂದ ಕೊನೆಯ ಸಾಲನ್ನು ಅಭ್ಯಾಸದಲ್ಲಿ ಎಂದೂ ಹಾಡಲಿಲ್ಲ.

ದೊಡ್ಡ ಮಂದಿರದವರು ಮತ್ತೆ ಕರೆಯಲಿಲ್ಲ. ಸಣ್ಣ ಊರುಗಳು, ಹಡಗಿನ ಮೇಲೆ ಹಾಡು, ಆಮೇಲೆ ಯುದ್ಧ. ಮರಳುಗಾಡಿನಲ್ಲಿ ಸಿಕ್ಕಿಬಿದ್ದಾಗ ಗಂಟಲಿಗೆ ಮರಳು ಹೊಕ್ಕು ಹತ್ತು ತಿಂಗಳು ದನಿಯೇ ಇರಲಿಲ್ಲ. ಶಿಬಿರದಲ್ಲೊಂದು ಬೆಳಿಗ್ಗೆ ಬಾವಿಗೆ ಬಗ್ಗಿ ಸುಮ್ಮನೆ ಬಾಯಿ ತೆರೆದರು. ದನಿ ಮೊದಲು ಬಾವಿಯಿಂದ ಬಂತು, ಆಮೇಲೆ ತನ್ನ ಗಂಟಲಿಂದ ಬಂತು ಎಂದು ಹೇಳಿದರಂತೆ. ದೊಡ್ಡಪ್ಪ ಆ ಸಾಲಿನ ಕೆಳಗೆ ಗೆರೆ ಎಳೆದಿದ್ದಾರೆ.

ಇನ್ನೊಂದು ಸಣ್ಣ ವಿಷಯವೂ ಆ ಪುಸ್ತಕದಲ್ಲಿದೆ. ಹಾಡುವ ಮುಂಚೆ ಗುರುಗಳು ಅರ್ಧ ಲೋಟ ನೀರು ಕುಡಿಯುತ್ತಿದ್ದರು. ಆ ದಿನದ ಹಾಡು ಮುಗಿಯಿತೆಂದರೆ ಉಳಿದರ್ಧ ಕುಡಿದು ಲೋಟವನ್ನು ಬೋರಲು ಹಾಕುತ್ತಿದ್ದರು.

ದೊಡ್ಡಪ್ಪ ಕಲಿತದ್ದೆಲ್ಲ ಅಭ್ಯಾಸದ ಹೊತ್ತಿನಲ್ಲಿ. ಕೈದಿಗಳು ಶಿಬಿರದಲ್ಲಿ ನಾಟಕ ಆಡಿದ ಸಂಜೆ ಹೊರಗಿನವರನ್ನು ಒಳಗೆ ಬಿಡಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೇ ಗುರುಗಳನ್ನು ಬೇರೆ ಕಡೆಗೆ ಸಾಗಿಸಿದರು. ಹೀಗಾಗಿ ಸಾವಿನ ಹಾಡು ಅವರಿಗೆ ಸಿಕ್ಕಿದ್ದು ಕೊನೆಯ ಸಾಲಿಲ್ಲದೆ. ಅದಕ್ಕೆ ಕನ್ನಡದ ಮಾತು ಹೊಂದಿಸಿ, ರಾಜಪಾರ್ಟು ಸಾಯುವ ದೃಶ್ಯಕ್ಕೆ ಇಟ್ಟರು. ಮೂವತ್ತೊಂದು ನಾಟಕದಲ್ಲೂ ಹಾಡು ನಡುವೆಯೇ ಕತ್ತರಿಸಿದ ಹಾಗೆ ನಿಲ್ಲುತ್ತಿತ್ತು. ಜನಕ್ಕೆ ಅದೇ ಹಿಡಿಸಿತ್ತು. "ಸಾಯೋನು ಎಲ್ಲಾದ್ರೂ ಹಾಡು ಮುಗಿಸ್ತಾನೇನ್ಲಾ?" ಎನ್ನುತ್ತಿದ್ದರು.

ಅದನ್ನು ಕೇಳಿ ದೊಡ್ಡಪ್ಪ ನಗುತ್ತಿರಲಿಲ್ಲ. ನಮ್ಮ ನಾಟಕದಲ್ಲೂ ಮಂಗಳದ ಹಾಡನ್ನು ಅಭ್ಯಾಸದಲ್ಲಿ ಹಾಡುವುದಿಲ್ಲ, ಆಡುವ ದಿನವೇ ಹಾಡುವುದು. ಹಾಗಿದ್ದರೂ ಆ ಸಾಲು ಕೈತಪ್ಪಬಹುದೆಂದು ತಮಗೆ ಹೊಳೆಯಲಿಲ್ಲವಲ್ಲ, ಒಂದು ದಿನ ಕಾಲು ಹಿಡಿದು ಆ ಸಾಲನ್ನು ಕೇಳಿಕೊಳ್ಳಬೇಕಿತ್ತಲ್ಲ ಎಂದು ಕೊರಗುತ್ತಿದ್ದರು.

ಈಗ ೧೯೭೧ರ ಫೆಬ್ರವರಿ ೧೪ಕ್ಕೆ ಬರುತ್ತೇನೆ. ಭಾನುವಾರ. ಯುಗಾದಿ ಕಳೆದ ಮೇಲೆ ಆಡಬೇಕಿದ್ದ ನಾಟಕದ ಅಭ್ಯಾಸ ನಮ್ಮ ಶಾಲೆಯ ಕೋಣೆಯಲ್ಲಿ ಮಧ್ಯಾಹ್ನ ಎರಡೂವರೆಗೆ ಶುರುವಾಯಿತು. ಇದ್ದವರು ದೊಡ್ಡಪ್ಪ, ತಬಲದವರು, ರಾಜಪಾರ್ಟಿನವರು, ನಾನು. ರಾಜಪಾರ್ಟಿನವರು ಊರಿನ ಹಿಟ್ಟಿನ ಗಿರಣಿ ನಡೆಸುವವರು. ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ದನಿ ದಪ್ಪವಾಗಿತ್ತು. ದೊಡ್ಡಪ್ಪ ಗುರುಗಳ ಪದ್ಧತಿಯಂತೆ ಎಲ್ಲರ ಮುಂದೆಯೂ ದೀಪ ಇಟ್ಟು ಹಾಡಿಸುತ್ತಿದ್ದರು. ಅಂದು ಮೇಜಿನ ಮೇಲೆ ಹಣತೆ ಇತ್ತು.

"ಮೇಷ್ಟ್ರೇ, ಹೋದ್ಸಲ ಮೀಸೆ ಸುಟ್ಕೊಂಡಿದ್ದೀನಿ. ಹೆಂಡ್ರು ಬೈತಾಳೆ," ಎಂದರು ಗಿರಣಿಯವರು.

"ಮೀಸೆ ಬೆಳೀತದೆ, ಉಸ್ರು ಬೆಳೆಯಲ್ಲ. ಹಾಡು," ಎಂದರು ದೊಡ್ಡಪ್ಪ.

ಅವರು ಹಾಡಿದರು. ಪ್ರತಿ ಸಾಲಿಗೂ ಹಣತೆಯ ಉರಿ ಓಲಾಡುತ್ತಿತ್ತು. ತಬಲದವರು ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದರು. ಹಾಡು ಎಂದಿನಂತೆ ನಿಲ್ಲುವ ಜಾಗಕ್ಕೆ ಬಂತು. ದೊಡ್ಡಪ್ಪ ಹಾರ್ಮೋನಿಯಂ ತಿದಿಯಿಂದ ಕೈ ತೆಗೆದರು. ಹಾಡು ನಿಲ್ಲಲಿಲ್ಲ.

ನಾಲ್ಕು ಪದ. ಕನ್ನಡವಲ್ಲ. ದನಿ ತೆಳ್ಳಗೆ, ಎತ್ತರದಲ್ಲಿ, ದೊಡ್ಡದೊಂದು ಪಾತ್ರೆಯೊಳಗಿಂದ ಬಂದ ಹಾಗೆ ಬಂತು. ಗಿರಣಿಯವರ ಬಾಯಿ ತೆರೆದಿತ್ತು. ನಾನು ನೋಡುತ್ತಿದ್ದದ್ದು ದೀಪವನ್ನು. ಆ ನಾಲ್ಕು ಪದ ಮುಗಿಯುವವರೆಗೆ ಉರಿ ಒಂದಿಷ್ಟೂ ಅಲುಗಲಿಲ್ಲ. ಗೋಡೆಯ ಮೇಲೆ ಬರೆದಿಟ್ಟ ಹಾಗೆ ನೆಟ್ಟಗೆ ನಿಂತಿತ್ತು. ಶಾಲೆಯ ಗಡಿಯಾರದಲ್ಲಿ ನಾಲ್ಕೂ ಹದಿನೇಳು. ಬಾಗಿಲಲ್ಲಿ ಬಿಸಿಲಿತ್ತು, ಹೊರಗೆ ಯಾರದೋ ಮೇಕೆ ಕೂಗುತ್ತಿತ್ತು.

"ಯಾರ್ಲಾ ಅದು ಹಾಡಿದ್ದು?" ಎಂದು ಕೇಳಿದವರು ಗಿರಣಿಯವರೇ.

"ನೀನೇ ಕಣೋ," ಎಂದರು ತಬಲದವರು.

"ಸುಮ್ಕಿರ್ಲಾ. ಮೇಷ್ಟ್ರು ಪೆಟ್ಟಿಗೆ ನಿಲ್ಲಿಸ್ದಾಗ್ಲೇ ನಾನೂ ನಿಲ್ಲಿಸ್ದೆ. ಗಂಟ್ಲು ಯಾಕೋ ತಣ್ಣಗೆ ಹಿಡ್ಕೊಂಡದೆ."

ದೊಡ್ಡಪ್ಪ ಎದ್ದರು. ಹಾರ್ಮೋನಿಯಂ ಮುಚ್ಚಿ, ಹಣತೆ ಆರಿಸಿ, ಮನೆಗೆ ಬಂದರು. ನಾನು ಹಿಂದೆಯೇ ಬಂದೆ. ಹಿತ್ತಲಲ್ಲಿ ಉಟ್ಟ ಬಟ್ಟೆಯಲ್ಲೇ ನಿಂತು ತಲೆಯ ಮೇಲೆ ತಣ್ಣೀರು ಸುರಿದುಕೊಂಡರು. ನಮ್ಮಲ್ಲಿ ಹಾಗೆ ಮಾಡುವುದು ಸಾವಿನ ಸುದ್ದಿ ಕೇಳಿದಾಗ.

"ಯಾರು ಹೋದ್ರು?" ಎಂದು ದೊಡ್ಡಮ್ಮ ಓಡಿಬಂದರು.

"ಗುರುಗಳು," ಎಂದರು ದೊಡ್ಡಪ್ಪ. "ಮಡಗಿಕೊಂಡಿದ್ದ ಸಾಲು ಇವತ್ತು ಕೊಟ್ಟು ಹೋದ್ರು."

ನಾನು ಕೇಳಿದ ಹಾಗೆಯೇ ಆ ನಾಲ್ಕು ಪದಗಳನ್ನು ಅಂದೇ ಬರೆದಿಟ್ಟೆ. ಗಿರಣಿಯವರಿಗೆ ಮತ್ತೆ ಆ ಸಾಲು ಬರಲಿಲ್ಲ. ನಾಟಕದ ದಿನ ಹಾಡು ಹಳೆಯ ಜಾಗದಲ್ಲೇ ನಿಂತಿತು. ಒನ್ಸ್ ಮೋರ್ ಎರಡು ಸಲ.

ದಿನ ಕಳೆದಂತೆ ದೊಡ್ಡಪ್ಪನಿಗೇ ಅನುಮಾನ ಶುರುವಾಯಿತು. ಗುರುಗಳು ತೀರಿಕೊಂಡಿದ್ದರೆ ಶಿಷ್ಯನಾಗಿ ಎಲೆ ಇಡಲೇಬೇಕು. ಬದುಕಿದ್ದರೆ ಇಡಲೇಬಾರದು. ದೊಡ್ಡಮ್ಮ ಹೇಳಿದ ಮಾತು ನನ್ನ ದಿನಚರಿಯಲ್ಲಿ ಹಾಗೇ ಇದೆ: "ಎಲೆ ಇಟ್ಟು ಕರೆದ್ರೆ ಬರ್ಲೇಬೇಕಾಗ್ತದೆ. ಬದುಕಿದ್ರೆ ಆ ದೇಶದಲ್ಲಿ ಊಟದ ಮುಂದಿಂದ ಎದ್ದು ಬರ್ಬೇಕೇನ್ರೀ, ಪಾಪ, ಮುದುಕಪ್ಪ?"

ಏಪ್ರಿಲ್ ರಜೆಯಲ್ಲಿ ನಾನು ಬೆಂಗಳೂರಿಗೆ ಹೋಗಿ, ಆ ದೇಶದ ಭಾಷೆ ಬಲ್ಲ ಒಬ್ಬ ವಯಸ್ಸಾದ ಪಾದ್ರಿಗಳನ್ನು ಕಂಡೆ. ನೋಟುಪುಸ್ತಕದ ಕಥೆಯನ್ನೆಲ್ಲ ತಾಳ್ಮೆಯಿಂದ ಕೇಳಿಸಿಕೊಂಡು, ಅವರ ದೇಶದ ಕಚೇರಿಗೆ ಕಾಗದ ಬರೆಯುವುದಾಗಿ ಹೇಳಿ, ಪೆನ್ನು ತೆಗೆದು ಕೇಳಿದರು, "ಹೆಸರೇನಮ್ಮಾ ಅವರದು?"

ನನಗೆ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಹುಡುಕಿದೆ. ನೂರಾ ನಲವತ್ತೊಂದು ದಿನದ ಬರಹದಲ್ಲಿ ಹೆಸರು ಬರಬೇಕಾದಲ್ಲೆಲ್ಲ 'ಶ್ರೀ' ಎಂದಷ್ಟೇ ಬರೆದು, ಮುಂದೆ ಖಾಲಿ ಬಿಟ್ಟಿತ್ತು.

ಮನೆಗೆ ಬಂದು ಕೇಳಿದಾಗ ದೊಡ್ಡಪ್ಪ ಪುಸ್ತಕದ ಒಂದು 'ಶ್ರೀ' ಮೇಲೆ ಬೆರಳಿಟ್ಟರು. "ದಿನಾ ಬೆಳಿಗ್ಗೆ ಹಾಜರಿ ಕೂಗೋರು, ಕೇಳ್ತಿದ್ದೆ. ಗುರು ಹೆಸರು ಶಿಷ್ಯ ಬಾಯಲ್ಲಿ ಹೇಳ್ಬಾರ್ದು, ಕೈಯಲ್ಲಿ ಬರೀಬಾರ್ದು ಅಂತ ನಮ್ಮಪ್ಪ ಹೇಳಿಕೊಟ್ಟಿದ್ರು. ಹಾಗೇ ನಡ್ಕೊಂಡೆ. ನಾಲಿಗೆ ಮೇಲೆ ಬರದೇ ಇದ್ದುದು ತಲೆಯಿಂದ್ಲೂ ಹೊರಟೋಯ್ತು ಕಣಮ್ಮ."

ಆಗಸ್ಟಿನಲ್ಲಿ ಕಚೇರಿಯಿಂದ ಎರಡು ಸಾಲಿನ ಉತ್ತರ ಬಂತು. ಹೆಸರಾಗಲೀ ಕೈದಿಯ ನಂಬರಾಗಲೀ ಇಲ್ಲದೆ ಏನನ್ನೂ ತಿಳಿಸಲು ಆಗುವುದಿಲ್ಲ.

ಆ ವರ್ಷದ ಅಮಾವಾಸ್ಯೆ ಸೆಪ್ಟೆಂಬರ್ ೧೯, ಭಾನುವಾರ. ದೊಡ್ಡಪ್ಪ ಒಂದು ನಡುದಾರಿ ಹುಡುಕಿದರು. ಹಿರಿಯರ ನಾಲ್ಕು ಎಲೆ ಪೂರ್ವದ ಗೋಡೆಗೆ. ಐದನೆಯದು ಬಾಗಿಲ ಪಕ್ಕದಲ್ಲಿ, ಬೇರೆ ದಿಕ್ಕಿಗೆ, ಮನೆಗೆ ಬಂದ ನೆಂಟರಿಗೆ ಹಾಕುವ ಹಾಗೆ. ಅದಕ್ಕೆ ಕುಂಕುಮ ಅಕ್ಷತೆ ಇಲ್ಲ. ಹೆಸರು ಹಿಡಿದು ಕರೆಯುವ ಪ್ರಶ್ನೆಯೇ ಇರಲಿಲ್ಲ.

"ಇದು ಎಡೆನೂ ಅಲ್ಲ, ಊಟಾನೂ ಅಲ್ಲ," ಎಂದರು ದೊಡ್ಡಮ್ಮ.

"ಬಂದೋರಿಗೆ ಗೊತ್ತಾಗ್ತದೆ ಬಿಡು," ಎಂದರು ದೊಡ್ಡಪ್ಪ.

ಕೊನೆಯಲ್ಲಿ ಹೊರಗೆ ಬಂದವಳು ನಾನು. ಬರುವ ಮುಂಚೆ ಎಣಿಸಿದೆ: ಎಲೆ ಐದು, ಹಿತ್ತಾಳೆ ಲೋಟ ಐದು, ಐದರಲ್ಲೂ ಕಂಠಮಟ್ಟ ನೀರು. ಬಾಗಿಲು ಹಾಕಿದಾಗ ಒಂದೂ ಹತ್ತು. ಆ ಕೋಣೆಗೆ ಬೇರೆ ಬಾಗಿಲಿಲ್ಲ. ಕಿಟಕಿಗೆ ಒಳಗಿನಿಂದ ಅಗುಳಿ. ಪಡಸಾಲೆಯಲ್ಲಿ ಮೂವರೂ ಒಟ್ಟಿಗೇ ಕುಳಿತಿದ್ದೆವು. ನಾನು ಕಿವಿಗೊಟ್ಟೆ. ಏನೂ ಕೇಳಿಸಲಿಲ್ಲ. ಒಂದೂ ಮೂವತ್ತೈದಕ್ಕೆ ದೊಡ್ಡಪ್ಪ ಕೆಮ್ಮಿ ಬಾಗಿಲು ತಟ್ಟಿದರು.

ಪೂರ್ವದ ನಾಲ್ಕು ಎಲೆಗಳು ಬಡಿಸಿದ ಹಾಗೇ ಇದ್ದವು. ಬಾಗಿಲ ಪಕ್ಕದ ಎಲೆಯಲ್ಲೂ ಅನ್ನ, ಹುಳಿ, ವಡೆ ಹಾಗೇ ಇದ್ದವು. ಲೋಟ ಮಾತ್ರ ಬೋರಲಾಗಿ ನಿಂತಿತ್ತು. ನಾನು ಮಂಡಿಯೂರಿ ನೆಲ ಮುಟ್ಟಿ ನೋಡಿದೆ. ಸಗಣಿ ಸಾರಿಸಿದ ನೆಲ, ಒಂದು ಹನಿ ಬಿದ್ದರೂ ಕಪ್ಪಾಗುತ್ತದೆ. ಒಣಗಿತ್ತು. ಎಲೆಯೂ ಒಣಗಿತ್ತು.

ದೊಡ್ಡಪ್ಪ ಆ ಲೋಟವನ್ನು ಮುಟ್ಟಲಿಲ್ಲ. ಬಾಗಿಲಲ್ಲೇ ನಿಂತು ಕೈ ಮುಗಿದು, "ಅಲ್ಲಿಗೆ ಹಾಡು ಮುಗೀತು," ಎಂದರು. ಮರುವರ್ಷ ಆ ಎಲೆಯನ್ನು ಹಿರಿಯರ ಸಾಲಿಗೇ ಸೇರಿಸಿ, 'ಗುರುಗಳೇ' ಎಂದು ಕರೆದರು.

ನನಗೆ ಮಾತ್ರ ಅದು ಅಲ್ಲಿಗೆ ಮುಗಿಯಲಿಲ್ಲ. ಮುಂದಿನ ವರ್ಷ ಲೋಟ ನೆಟ್ಟಗೆ, ನೀರು ತುಂಬಿಕೊಂಡೇ ಇತ್ತು. ಹೋದ ವರ್ಷ, ದೊಡ್ಡಪ್ಪನಿಗೇ ಮೊದಲ ಸಲ ಎಲೆ ಇಟ್ಟ ಅಮಾವಾಸ್ಯೆಯಂದು, ನಾನು ಇನ್ನೂ ಎಚ್ಚರ ವಹಿಸಿದೆ. ಅಷ್ಟೇ ಅಳತೆಯ ಇನ್ನೊಂದು ಲೋಟದಲ್ಲಿ ನೀರು ತುಂಬಿ ಅಡುಗೆಮನೆಯಲ್ಲಿಟ್ಟೆ, ಆರಿಹೋಗುವುದು ಎಷ್ಟು ಎಂದು ತಿಳಿಯಲು. ಬಾಗಿಲು ತೆಗೆದಾಗ ಗುರುಗಳ ಲೋಟ ನೆಟ್ಟಗೇ ಇತ್ತು, ನೀರು ಸರಿಯಾಗಿ ಅರ್ಧಕ್ಕೆ ಇಳಿದಿತ್ತು. ಅಡುಗೆಮನೆಯದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಪಕ್ಕದ ಎಲೆ ದೊಡ್ಡಪ್ಪನದು.

ಅರ್ಧ ಲೋಟ ಎಂದರೆ ಹಾಡುವ ಮುಂಚೆ. ಇದನ್ನು ದೊಡ್ಡಮ್ಮನಿಗೆ ಹೇಳಿದೆ. ಅವರು ಸೆರಗಿನಿಂದ ಮುಖ ಒರೆಸಿಕೊಂಡು, "ಇಬ್ರೂ ಒಟ್ಟಿಗೆ ಸೇರಿದ್ರೆ ಒಳ್ಳೇದೇ ಆಯ್ತು. ಸೇರದೇ ಇದ್ರೆ, ನಾವು ಮಾಡ್ತಿರೋದು ಏನು ಹೇಳು?" ಎಂದರು.

ಆ ಮಾತು ಒಂದು ವರ್ಷದಿಂದ ನನ್ನನ್ನು ಬಿಟ್ಟಿಲ್ಲ. ಲೆಕ್ಕದ ಪ್ರಕಾರ ಗುರುಗಳಿಗೆ ಈಗ ಅರವತ್ತೈದರ ಆಸುಪಾಸು. ಅದು ಸಾಯಲೇಬೇಕಾದ ವಯಸ್ಸಲ್ಲ. ಕಡಲ ಪಕ್ಕದ ಆ ಊರಿನಲ್ಲಿ ಅವರು ಇವತ್ತೂ ಎದ್ದು ಮುಖ ತೊಳೆದು ಕುಳಿತಿರಬಹುದು. ವರ್ಷಕ್ಕೊಂದು ಮಧ್ಯಾಹ್ನ ಊಟದ ನಡುವೆ ಸುಮ್ಮನಾಗಿ, ಯಾರೋ ಕರೆದ ಹಾಗಾಯಿತು ಎಂದು ಬಾಗಿಲ ಕಡೆ ನೋಡುತ್ತಿರಬಹುದು. ಕರೆಯುತ್ತಿರುವವರು ನಾವು.

ಖಚಿತವಾಗಿ ಗೊತ್ತಾಗುವವರೆಗೆ, ಈ ವರ್ಷ ಹೀಗೆಂದು ನಿನ್ನೆ ರಾತ್ರಿ ತೀರ್ಮಾನಿಸಿದೆ. ಹಿರಿಯರ ಸಾಲಿಗೆ ಐದೇ ಎಲೆ. ಗುರುಗಳದು ಮತ್ತೆ ಬಾಗಿಲ ಪಕ್ಕಕ್ಕೆ, ಆದರೆ ಈ ಸಲ ಹೊಸ್ತಿಲಿನ ಹೊರಗೆ, ಪಡಸಾಲೆಯಲ್ಲಿ, ನಮ್ಮ ಕಣ್ಣೆದುರಿಗೆ. ಬದುಕಿರುವವರು ಕೂರುವ ಜಾಗ ಅದು. ದೊಡ್ಡಮ್ಮ ಒಪ್ಪಿದ್ದಾರೆ. ಲೋಟ ಇಡುವುದೋ ಬೇಡವೋ ಎಂದು ತೀರ್ಮಾನಿಸಲು ಇನ್ನೂ ಇಬ್ಬರಿಗೂ ಧೈರ್ಯ ಬಂದಿಲ್ಲ.

ಆ ಶಿಬಿರಗಳಲ್ಲಿ ಕೆಲಸ ಮಾಡಿದವರು, ತರಕಾರಿ, ಹಾಲು, ಸೌದೆ ಹಾಕಿದವರು, ಕಾವಲಿದ್ದವರು ನಮ್ಮ ಸೀಮೆಯಲ್ಲಿ ಇನ್ನೂ ಇದ್ದಾರೆ. ಪೀಪಾಯಿ ಮಾಡುವವರ ಮಗನಾದ, ನೂರಾ ಹದಿನಾಲ್ಕು ಸಲ ಸತ್ತೆನೆಂದು ಬೆರಳು ಮಡಿಸಿ ತೋರಿಸುತ್ತಿದ್ದ ಟೆನರ್ ಯಾರಿಗಾದರೂ ನೆನಪಿದ್ದರೆ, ಹಾಜರಿಯಲ್ಲಿ ಕೂಗುತ್ತಿದ್ದ ಅವರ ಹೆಸರು ಕಿವಿಯಲ್ಲಿ ಉಳಿದಿದ್ದರೆ, ದಯಮಾಡಿ ಈ ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಹಾಕಿ. ಆಡಿದ ಸಂಜೆ ಒಳಗೆ ಕುಳಿತು ಆ ಹಾಡನ್ನು ಪೂರ್ತಿ ಕೇಳಿದವರಿದ್ದರೆ ಕೊನೆಯ ಸಾಲನ್ನು ನೆನಪಿದ್ದಷ್ಟು ಬರೆಯಿರಿ. ನನ್ನ ದಿನಚರಿಯ ನಾಲ್ಕು ಪದಗಳನ್ನು ಬೇಕೆಂದೇ ಇಲ್ಲಿ ಕೊಟ್ಟಿಲ್ಲ, ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಅವರು ಬದುಕಿದ್ದಾರೆಂದು ಗೊತ್ತಿರುವವರು ಮಾತ್ರ ಕಾರ್ಡಿಗೆ ಕಾಯದೆ ತಂತಿ ಕೊಡಿ. ಅಮಾವಾಸ್ಯೆ ಈ ತಿಂಗಳು ಹದಿನೈದು, ಮಂಗಳವಾರ. ಬಾಗಿಲು ಹಾಕುವುದು ಒಂದೂ ಹತ್ತಕ್ಕೆ. ಅದು ತಪ್ಪಿದರೆ, ಮುಂದಿನ ವರ್ಷದ ಎಲೆ ಕೊಯ್ಯುವ ಮುಂಚೆಯಾದರೂ ನನಗೆ ಗೊತ್ತಾಗಬೇಕು.